ರಸ್ತೆಯಿಲ್ಲದ ಮಹಾಶಕ್ತಿ: 1990ರ ಒಂದು ಸೈಬೀರಿಯಾ ಯಾತ್ರೆ

ಪ್ರವಾಸಕಥನಗಳನ್ನು ನಾವು ಸಾಹಿತ್ಯದ ಕಪಾಟಿನಲ್ಲಿಡುತ್ತೇವೆ, ಚರಿತ್ರೆಯ ಕಪಾಟಿನಲ್ಲಿ ಇಡುವುದು ಅಪರೂಪ. ಆದರೂ ಕೆಲವು ಪ್ರಯಾಣಗಳು ಪ್ರಯಾಣಿಕರಿಗೇ ಅರಿವಿಲ್ಲದಂತೆ ಒಂದು ಕಾಲದ ಸಾಕ್ಷ್ಯವಾಗಿ ಉಳಿಯುತ್ತವೆ. 1990ರಲ್ಲಿ ಅಮೆರಿಕದ ಹೂಡಿಕೆದಾರ ಜಿಮ್ ರೋಜರ್ಸ್ ಮತ್ತು ಅವರ ಸಂಗಾತಿ ಟ್ಯಾಬಿಥಾ ಎಸ್ಟಬ್ರೂಕ್ ಎರಡು ಬಿಎಂಡಬ್ಲ್ಯು ಮೋಟಾರ್‌ಸೈಕಲ್‌ಗಳಲ್ಲಿ ಸೋವಿಯತ್ ಒಕ್ಕೂಟವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದ್ದು ಅಂಥ ಒಂದು ಪ್ರಯಾಣ.

ಐರ್ಲೆಂಡಿನ ಪಶ್ಚಿಮ ಕರಾವಳಿಯಿಂದ ಹೊರಟ ಈ ಜೋಡಿ ಯುರೋಪು, ತುರ್ಕಿ, ಮಧ್ಯ ಏಷ್ಯಾ, ಚೀನಾಗಳನ್ನು ದಾಟಿ ಜಪಾನ್ ತಲುಪಿತು. ಕಠಿಣವಾದದ್ದು ಅಲ್ಲಿಂದ ಸೈಬೀರಿಯಾದ ಮೂಲಕ ಹಿಂದಿರುಗುವ ದಾರಿ. ಅದಕ್ಕಾಗಿ ರೋಜರ್ಸ್ ವರ್ಷಗಟ್ಟಲೆ ಮಾಸ್ಕೋದ ಅನುಮತಿ ಕೋರಿದ್ದರು. ಗೋರ್ಬಚೇವ್ ಅವರ ಸುಧಾರಣೆಗಳ ಕಾಲದಲ್ಲಿ ಅದು ದೊರೆಯಿತು. ಕಡತಗಳ ನಡುವೆಯೇ ಬದುಕುವ ನಮ್ಮಂಥ ನೌಕರರಿಗೆ ಇದರ ಅರ್ಥ ಸುಲಭವಾಗಿ ಹೊಳೆಯುತ್ತದೆ. ಹಲವು ಬಾರಿ ತಿರಸ್ಕೃತವಾದ ಅರ್ಜಿಯೇ ಒಂದು ದಿನ ಅಂಗೀಕೃತವಾಯಿತೆಂದರೆ, ಬದಲಾಗಿರುವುದು ಕಚೇರಿ.

ಆದರೂ ಬದಲಾವಣೆ ಪೂರ್ಣವಾಗಿರಲಿಲ್ಲ. ಪೆಸಿಫಿಕ್ ತೀರದ ಮುಖ್ಯ ಬಂದರು ವ್ಲಾಡಿವೋಸ್ಟಾಕ್, ನೌಕಾಪಡೆಯ ನೆಲೆಯಾದ್ದರಿಂದ, ವಿದೇಶಿಯರಿಗೆ ಮುಚ್ಚಿದ ನಗರವಾಗಿತ್ತು. ಜಪಾನಿನಿಂದ ಬರುವವರು ನೆರೆಯ ನಖೋದ್ಕಾ ಬಂದರಿನಲ್ಲಿ ಇಳಿಯಬೇಕಿತ್ತು. ಅಲ್ಲಿಂದ ಉತ್ತರಕ್ಕೆ ಖಬರೋವ್‌ಸ್ಕ್ ನಗರದವರೆಗೆ ಹೇಗೋ ಸಾಗಬಹುದಿತ್ತು. ಆಮೇಲೆ ಪಶ್ಚಿಮದ ಚಿತಾ ನಗರದವರೆಗಿನ ಸುಮಾರು 2,000 ಕಿಲೋಮೀಟರ್ ಅಂತರದಲ್ಲಿ ಎಡೆಬಿಡದೆ ಸಾಗುವ ರಸ್ತೆಯೇ ಇರಲಿಲ್ಲ. ರಸ್ತೆ ನಿಂತಲ್ಲಿ ಸವಾರರು ಬೈಕುಗಳನ್ನು ರೈಲಿಗೇರಿಸಿ ಮುಂದೆ ಸಾಗಿದರು. 1957ರಲ್ಲಿ ಮೊದಲ ಕೃತಕ ಉಪಗ್ರಹವನ್ನೂ 1961ರಲ್ಲಿ ಮೊದಲ ಮಾನವನನ್ನೂ ಬಾಹ್ಯಾಕಾಶಕ್ಕೆ ಕಳಿಸಿದ ದೇಶದಲ್ಲಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಚಕ್ರದ ಮೇಲೆ ಹೋಗಲು ದಾರಿಯಿರಲಿಲ್ಲ.

ಇದಕ್ಕೆ ನಿಸರ್ಗವನ್ನು ದೂರುವುದು ಸುಲಭ. ವರ್ಷವಿಡೀ ಹೆಪ್ಪುಗಟ್ಟಿರುವ ನೆಲ, ಬೇಸಿಗೆಯಲ್ಲಿ ಮೇಲ್ಪದರ ಕರಗಿ ಉಂಟಾಗುವ ಜೌಗು, ದಟ್ಟ ಕಾಡು, ವಿರಳ ಜನವಸತಿ: ಇವೆಲ್ಲ ನಿಜ. ಆದರೆ ಅದೇ ನೆಲದ ಮೇಲೆ ರೈಲು ಹಳಿ ಹಾಸಲಾಗಿತ್ತು. 1891ರಲ್ಲಿ ಭಾರತ ಮತ್ತು ಜಪಾನ್ ಪ್ರವಾಸ ಮುಗಿಸಿ ಬಂದ ಯುವರಾಜ ನಿಕೋಲಸ್ ವ್ಲಾಡಿವೋಸ್ಟಾಕ್‌ನಲ್ಲಿ ಟ್ರಾನ್ಸ್-ಸೈಬೀರಿಯನ್ ರೈಲುಮಾರ್ಗಕ್ಕೆ ಶಿಲಾನ್ಯಾಸ ಮಾಡಿದ. 1916ರಲ್ಲಿ ಖಬರೋವ್‌ಸ್ಕ್ ಬಳಿ ಅಮೂರ್ ನದಿಯ ಸೇತುವೆ ಸಿದ್ಧವಾದಾಗ, ಮಾಸ್ಕೋದಿಂದ 9,289 ಕಿಲೋಮೀಟರ್ ಉದ್ದದ ಹಳಿ ಪೂರ್ತಿ ರಷ್ಯಾದ ನೆಲದಲ್ಲೇ ಕೂಡಿಕೊಂಡಿತು. ಹಳಿ ಸಾಧ್ಯವಾದ ಕಡೆ ರಸ್ತೆ ಏಕೆ ಮುಕ್ಕಾಲು ಶತಮಾನ ಕಾಯಬೇಕಾಯಿತು?

ಆರ್ಥಿಕ ಕಾರಣ ಸ್ಪಷ್ಟ: ಸರಕು ರೈಲಿನಲ್ಲಿ ಹೋಗುತ್ತಿತ್ತು, ಸ್ವಂತ ಕಾರುಗಳು ಕಡಿಮೆಯಿದ್ದವು. ಇದರೊಡನೆ ಇನ್ನೊಂದನ್ನೂ ಗಮನಿಸಬೇಕು. ರೈಲು ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು, ಯಾರಿಗೆ ಟಿಕೆಟು ಎಂಬುದನ್ನು ಪ್ರಭುತ್ವ ನಿರ್ಧರಿಸುತ್ತದೆ. ರಸ್ತೆಯಲ್ಲಿ ಹೊರಟವನು ತನಗೆ ಬೇಕಾದಲ್ಲಿ ನಿಂತಾನು, ಬೇಕಾದತ್ತ ತಿರುಗಿಯಾನು. 1932ರ ಕೊನೆಯಲ್ಲಿ ಜಾರಿಯಾದ ಆಂತರಿಕ ಪಾಸ್‌ಪೋರ್ಟ್ ಪದ್ಧತಿಯಿಂದ ಸಾಮೂಹಿಕ ಕೃಷಿಕ್ಷೇತ್ರಗಳ ಬಹುಪಾಲು ರೈತರನ್ನು ಹೊರಗಿಡಲಾಗಿತ್ತು. ಅವರಿಗೂ ಪಾಸ್‌ಪೋರ್ಟ್ ಕೊಡಬೇಕೆಂಬ ಆದೇಶ ಹೊರಟದ್ದು 1974ರಲ್ಲಿ. ತನ್ನ ರೈತ ಅನುಮತಿಯಿಲ್ಲದೆ ಊರು ಬಿಡುವುದನ್ನೇ ಬಯಸದ ಆಡಳಿತಕ್ಕೆ, ಅವನು ಸ್ವತಂತ್ರವಾಗಿ ಸಾಗುವ ದಾರಿ ತುರ್ತಿನ ಅಗತ್ಯವಾಗಿ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. ರಸ್ತೆಯ ಕೊರತೆಗೆ ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಇದನ್ನು ಬಿಟ್ಟು ಉಳಿದ ಕಾರಣಗಳನ್ನಷ್ಟೇ ಪಟ್ಟಿ ಮಾಡಿದರೆ ಚಿತ್ರ ಅಪೂರ್ಣವಾಗುತ್ತದೆ.

ಇಬ್ಬರೂ ದಾಟಿಹೋದ ಮರುವರ್ಷ, 1991ರ ಡಿಸೆಂಬರಿನಲ್ಲಿ, ಆ ದೇಶವೇ ವಿಸರ್ಜನೆಯಾಯಿತು. 1992ರ ಜನವರಿ 1ರಂದು ವ್ಲಾಡಿವೋಸ್ಟಾಕ್ ವಿದೇಶಿಯರಿಗೆ ತೆರೆಯಿತು. ರಸ್ತೆ ಮಾತ್ರ ಇನ್ನೂ ಕಾಯಬೇಕಿತ್ತು. 1978ರಲ್ಲಿ ಆರಂಭವಾದ ಅಮೂರ್ ಹೆದ್ದಾರಿಯ ಡಾಂಬರೀಕರಣ ಮುಗಿಯುವ ಹೊತ್ತಿಗೆ 2010 ಬಂದಿತ್ತು. ಆ ಆಗಸ್ಟಿನಲ್ಲಿ ಅಂದಿನ ಪ್ರಧಾನಿ ಪುಟಿನ್ ಹಳದಿ ಬಣ್ಣದ ಲಾಡಾ ಕಾರನ್ನು ಖಬರೋವ್‌ಸ್ಕ್‌ನಿಂದ ಚಿತಾದತ್ತ ತಾವೇ ಓಡಿಸಿಕೊಂಡು ಹೋಗಿ ದೇಶಕ್ಕೆ ರಸ್ತೆಯನ್ನು ತೋರಿಸಿದರು. ನಾಯಕರೊಬ್ಬರು ಕಾರಿನಲ್ಲಿ ಹೋಗುವುದೇ ಸುದ್ದಿಯಾಯಿತೆಂದರೆ ಆ ದಾರಿಗಾಗಿ ದೇಶ ಎಷ್ಟು ಕಾದಿತ್ತೆಂದು ಊಹಿಸಬಹುದು.

ರೋಜರ್ಸ್ ಬರೆದ ಪುಸ್ತಕ 1994ರಲ್ಲಿ 'ಇನ್ವೆಸ್ಟ್‌ಮೆಂಟ್ ಬೈಕರ್' ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಶೀರ್ಷಿಕೆಯಲ್ಲಿರುವುದು ಒಬ್ಬನೇ ಬೈಕ್ ಸವಾರ. ಹಾದಿಯಲ್ಲಿದ್ದವರು ಇಬ್ಬರು: ಎಸ್ಟಬ್ರೂಕ್ ಹಿಂಬದಿಯ ಆಸನದಲ್ಲಿ ಕುಳಿತು ಬಂದವರಲ್ಲ, ತಮ್ಮ ಬೈಕನ್ನು ತಾವೇ ಓಡಿಸಿದವರು. ಹೂಡಿಕೆದಾರನ ಕಣ್ಣಿಗೆ ಮುಖ್ಯವಾಗಿ ಮಾರುಕಟ್ಟೆ, ನಾಣ್ಯ, ಬೆಲೆಗಳು ಕಂಡದ್ದು ಸಹಜ. ಆ ಪುಸ್ತಕವನ್ನು ಇಂದು ಚರಿತ್ರೆಯಾಗಿ ಓದುವ ನಮಗೆ, ಬೈಕುಗಳು ಇಳಿದು ರೈಲು ಹತ್ತಬೇಕಾಗಿ ಬಂದ ಆ ಅಂತರವೇ ಹೆಚ್ಚು ಹೇಳುತ್ತದೆ. ಒಂದು ಪ್ರಭುತ್ವ ತನ್ನ ಪ್ರಜೆಯ ನಡೆಯನ್ನು ಎಷ್ಟು ನಂಬಿತ್ತು ಎಂಬುದನ್ನು ಅದರ ಘೋಷಣೆಗಳಿಗಿಂತ ಅದು ಹಾಕಿದ, ಹಾಕದೆ ಬಿಟ್ಟ ರಸ್ತೆಗಳಲ್ಲಿ ಹುಡುಕುವುದು ಮೇಲು.