ಬ್ಯಾಲೆ ಸಂಗೀತ ಮತ್ತು ರಂಗದ ಉಡುಪು: ಕಾರ್ಯಕ್ರಮ ಏರ್ಪಡಿಸುವವರು ತಿಳಿದಿರಬೇಕಾದ ಸಂಗತಿಗಳು



ನವೆಂಬರ್ ತಿಂಗಳ ಕಾರ್ಯಕ್ರಮಗಳ ಸಿದ್ಧತೆ ಶುರುವಾದಂತೆ ಕೀಳ್ ಕೋತಗಿರಿ ಕಡೆಯ ಸದಸ್ಯರಿಂದ ಒಂದು ಪ್ರಶ್ನೆ ಬಂದಿದೆ. ಈ ಬಾರಿ ಮಕ್ಕಳಿಂದ ಪಾಶ್ಚಾತ್ಯ ಬ್ಯಾಲೆ ಸಂಗೀತಕ್ಕೆ ಒಂದು ನೃತ್ಯರೂಪಕ ಮಾಡಿಸಬೇಕೆಂದಿದ್ದಾರೆ. ಉಡುಪನ್ನು ಕೊಯಮತ್ತೂರಿನ ಒಳ್ಳೆಯ ವಿನ್ಯಾಸಕರಿಂದ ಹೊಲಿಸಬಹುದೇ, ಅದಕ್ಕೆ ಸಂಘದ ಹಣ ಬಳಸಬಹುದೇ ಎಂಬುದು ಅವರ ಪ್ರಶ್ನೆ. ಗೂಡಲೂರು, ಮಸಿನಗುಡಿ, ತಾಳವಾಡಿ, ಗುಂಡ್ಲುಪೇಟೆಯ ಸದಸ್ಯರಿಗೂ ಇಂಥ ಪ್ರಶ್ನೆ ಬರುವುದುಂಟು. ಆದ್ದರಿಂದ ಒಬ್ಬರಿಗೆ ಉತ್ತರ ಬರೆಯುವ ಬದಲು, ಎಲ್ಲರಿಗೂ ಉಪಯೋಗವಾಗುವಂತೆ ವಿಷಯವನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಪದಗಳ ಅರ್ಥ

ಮಾತಿಲ್ಲದೆ, ಸಂಗೀತ ಮತ್ತು ನೃತ್ಯದಿಂದಲೇ ಕಥೆ ಹೇಳುವ ಯುರೋಪಿನ ರಂಗಪ್ರಕಾರ ಬ್ಯಾಲೆ. ಇದಕ್ಕಾಗಿ ಬರೆದ ಸಂಗೀತದಲ್ಲಿ ನಮ್ಮ ಮಕ್ಕಳಿಗೂ ಪರಿಚಿತವಾಗಿರುವುದು ರಷ್ಯಾದ ಚೈಕೋವ್‌ಸ್ಕಿಯ ಮೂರು ಕೃತಿಗಳು: ‘ಸ್ವಾನ್ ಲೇಕ್’ (1877), ‘ಸ್ಲೀಪಿಂಗ್ ಬ್ಯೂಟಿ’ (1890), ‘ನಟ್‌ಕ್ರ್ಯಾಕರ್’ (1892).

‘ಓಟ್ ಕುಟೂರ್’ ಎಂಬ ಫ್ರೆಂಚ್ ಮಾತಿಗೆ ಉನ್ನತ ಹೊಲಿಗೆ ಎಂದರ್ಥ. ಒಬ್ಬ ಗಿರಾಕಿಯ ಅಳತೆಗೆ, ಬಹುಪಾಲು ಕೈಯಿಂದಲೇ ಹೊಲಿದ ಉಡುಪು ಅದು. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷಿನವನು 1858ರಲ್ಲಿ ಪ್ಯಾರಿಸಿನಲ್ಲಿ ತೆರೆದ ಅಂಗಡಿಯಿಂದ ಈ ಪರಂಪರೆ ಆರಂಭವಾಯಿತೆಂದು ಹೇಳುತ್ತಾರೆ. 1945ರಿಂದ ಫ್ರಾನ್ಸಿನಲ್ಲಿ ಈ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ನಿಗದಿತ ನಿಯಮ ಪಾಲಿಸುವ ಸಂಸ್ಥೆಗಳಷ್ಟೇ ಅದನ್ನು ಬಳಸಬಹುದು. ನಮ್ಮ ಊರುಗಳಲ್ಲಿ ‘ಡಿಸೈನರ್ ಡ್ರೆಸ್’ ಎನ್ನುವುದು ಬೇರೆ, ಇದು ಬೇರೆ.

ಪ್ಯಾರಿಸಿನ ಅನುಭವ

ಬ್ಯಾಲೆ ಸಂಗೀತವೂ ಫ್ಯಾಷನ್ನೂ ಒಂದೇ ರಂಗದಲ್ಲಿ ಹತ್ತಿರವಾದದ್ದು ಸೆರ್ಗೆ ದ್ಯಾಗಿಲೆವ್ ಅವರ ‘ಬ್ಯಾಲೆ ರೂಸ್’ ತಂಡದಿಂದ. ಈ ತಂಡ 1909ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶನ ಆರಂಭಿಸಿತು. ಮರುವರ್ಷದ ‘ಶೆಹೆರಜಾದೆ’ಗೆ ಲಿಯೋನ್ ಬಾಕ್ಸ್ಟ್ ರೂಪಿಸಿದ ಗಾಢ ಬಣ್ಣದ ಉಡುಪುಗಳ ಪ್ರಭಾವ ಪ್ಯಾರಿಸಿನ ಹೊಲಿಗೆಮನೆಗಳ ಮೇಲೂ ಆಯಿತು.

1913ರ ಮೇ 29ರಂದು ಇದೇ ತಂಡ ಸ್ಟ್ರಾವಿನ್‌ಸ್ಕಿಯ ‘ರೈಟ್ ಆಫ್ ಸ್ಪ್ರಿಂಗ್’ ಆಡಿದಾಗ ಸಭಾಂಗಣದಲ್ಲಿ ಗಲಾಟೆಯೇ ನಡೆಯಿತು. ಅದರ ರಂಗಸಜ್ಜಿಕೆ ಮತ್ತು ಉಡುಪು ನಿಕೊಲಾಯ್ ರೋರಿಕ್ ಅವರದು. ಹಳೆಯ ರಷ್ಯಾದ ಹಳ್ಳಿಗರ ಉಡುಗೆಯನ್ನು ನೆನಪಿಸುವ ದಪ್ಪ ಬಟ್ಟೆಯ ಅಂಗಿಗಳು ಅವು. ನೆಲಕ್ಕೆ ಕಾಲನ್ನು ಗಟ್ಟಿಯಾಗಿ ಬಡಿಯುವ ಆ ಸಂಗೀತಕ್ಕೆ ಹಗುರವಾದ ಬಿಳಿ ಲಂಗ ಹೊಂದುತ್ತಿರಲಿಲ್ಲ. ರೋರಿಕ್ ಮುಂದೆ ಹಿಮಾಚಲದ ಕುಲು ಕಣಿವೆಯಲ್ಲಿ ನೆಲೆಸಿ 1947ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಮತ್ತು ಸೊಸೆ ದೇವಿಕಾ ರಾಣಿ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು. ಎಲ್ಲೋ ಪ್ಯಾರಿಸಿನ ಮಾತೆಂದು ನಾವು ಭಾವಿಸುವ ಕಥೆಯ ಒಂದು ಎಳೆ ಹೀಗೆ ನಮ್ಮ ನಾಡಿಗೂ ಬಂದಿದೆ.

ಫ್ಯಾಷನ್ ಮನೆಯೊಂದು ನೇರವಾಗಿ ಬ್ಯಾಲೆಗೆ ಉಡುಪು ಒದಗಿಸಿದ್ದಕ್ಕೆ ಹೆಸರಾದ ಉದಾಹರಣೆ 1924ರ ‘ಲ ಟ್ರ್ಯಾನ್ ಬ್ಲೂ’. ಸಂಗೀತ ದಾರಿಯುಸ್ ಮಿಯೋ, ಕಥೆ ಜ್ಯಾನ್ ಕೊಕ್ತೊ, ನೃತ್ಯ ಸಂಯೋಜನೆ ಬ್ರೊನಿಸ್ಲಾವಾ ನಿಜಿನ್‌ಸ್ಕಾ, ಉಡುಪು ಕೊಕೊ ಶನೆಲ್. ಕಡಲತೀರದಲ್ಲಿ ಈಜುವ, ಟೆನಿಸ್ ಆಡುವ ಶ್ರೀಮಂತರ ಕಥೆ ಅದು. ಶನೆಲ್ ತಮ್ಮ ಗಿರಾಕಿಗಳಿಗೆ ಕೊಡುತ್ತಿದ್ದಂಥ ಹೆಣಿಗೆ ಬಟ್ಟೆಯ ಉಡುಪುಗಳನ್ನೇ ನರ್ತಕರಿಗೂ ತೊಡಿಸಿದರು. ಈಜುಗಾರ್ತಿಯ ಪಾತ್ರ ಮಾಡಿದ ಲಿಡಿಯಾ ಸೊಕೊಲೊವಾ, ತಾವು ಧರಿಸಿದ ದೊಡ್ಡ ಮುತ್ತಿನ ಓಲೆಗಳ ದೆಸೆಯಿಂದ ಸಂಗೀತ ಕೇಳಿಸಿಕೊಳ್ಳುವುದೇ ಕಷ್ಟವಾಗಿತ್ತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಉಡುಪು ಎಷ್ಟೇ ಚೆನ್ನಾಗಿರಲಿ, ಕುಣಿಯುವವರ ಕಿವಿಗೆ ತಾಳ ಬೀಳದಿದ್ದರೆ ಏನು ಪ್ರಯೋಜನ?

1965ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ರೊಲಾಂ ಪೆತಿ ಅವರ ‘ನೋತ್ರ್ ದಾಮ್ ದ ಪ್ಯಾರಿ’ಗೆ ಈವ್ ಸ್ಯಾಂ ಲೊರಾಂ ಉಡುಪು ರೂಪಿಸಿದರು. ಸಂಗೀತ ಮೊರಿಸ್ ಜಾರ್ ಅವರದು. ನಮ್ಮ ನೀಲಗಿರಿಯ ರೈಲು ಕಾಣಿಸಿಕೊಂಡ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾಕ್ಕೆ ಸಂಗೀತ ಕೊಟ್ಟವರೂ ಇವರೇ. ನ್ಯೂಯಾರ್ಕ್ ಸಿಟಿ ಬ್ಯಾಲೆ 2012ರಲ್ಲಿ ವ್ಯಾಲೆಂಟಿನೊ ಅವರಿಂದ ಉಡುಪು ಮಾಡಿಸಿತು. ಅಂದಿನಿಂದ ಅಲ್ಲಿ ಶರತ್ಕಾಲದ ಪ್ರದರ್ಶನಕ್ಕೆ ಫ್ಯಾಷನ್ ವಿನ್ಯಾಸಕರನ್ನು ಕರೆಯುವ ರೂಢಿ ಬೆಳೆಯಿತು. ಇವೆಲ್ಲ ದೊಡ್ಡ ಬಂಡವಾಳದ ಸಂಸ್ಥೆಗಳು. ಅವರ ಖರ್ಚನ್ನು ನಾವು ಅನುಕರಿಸಲಾಗದು, ಅವರ ಅನುಭವವನ್ನು ಪಡೆಯಬಹುದು.

ಬೆಂಕಿಯ ಎಚ್ಚರಿಕೆ

ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. 1862ರ ನವೆಂಬರ್‌ನಲ್ಲಿ ಪ್ಯಾರಿಸ್ ಒಪೆರಾದಲ್ಲಿ ತಾಲೀಮು ನಡೆಯುತ್ತಿದ್ದಾಗ ಎಮ್ಮಾ ಲಿವ್ರಿ ಎಂಬ ಯುವ ನರ್ತಕಿಯ ಲಂಗ ಗ್ಯಾಸ್ ದೀಪಕ್ಕೆ ತಗುಲಿ ಹೊತ್ತಿಕೊಂಡಿತು. ಎಂಟು ತಿಂಗಳು ನರಳಿ ಆಕೆ ಮರುವರ್ಷ ತೀರಿಕೊಂಡಳು. ಬಟ್ಟೆಗೆ ಬೆಂಕಿ ಹತ್ತದಂತೆ ಮಾಡುವ ದ್ರಾವಣ ಆಗಲೇ ಬಳಕೆಯಲ್ಲಿತ್ತು. ಆದರೆ ಅದರಲ್ಲಿ ಅದ್ದಿದ ಬಟ್ಟೆ ಬಿರುಸಾಗಿ, ಬಣ್ಣ ಮಾಸುತ್ತದೆಂದು ಆಕೆ ಒಪ್ಪಿರಲಿಲ್ಲ. ಅಂದಕ್ಕಾಗಿ ತೆತ್ತ ಬೆಲೆ ಅದು.

ನಮ್ಮ ವೇದಿಕೆಗಳಲ್ಲಿ ಗ್ಯಾಸ್ ದೀಪ ಇಲ್ಲ. ಆದರೆ ಮುಂಭಾಗದಲ್ಲೇ ಉದ್ಘಾಟನೆಯ ಎಣ್ಣೆ ದೀಪ ಉರಿಯುತ್ತಿರುತ್ತದೆ. ಬ್ಯಾಲೆ ಉಡುಪೆಂದು ಬಾಡಿಗೆಗೆ ಸಿಗುವುದು ಹೆಚ್ಚಾಗಿ ನೈಲಾನ್ ಬಲೆ ಬಟ್ಟೆ. ಬೆಂಕಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ. ಮಕ್ಕಳ ನೃತ್ಯಕ್ಕೆ ಮೊದಲು ದೀಪವನ್ನು ವೇದಿಕೆಯಿಂದ ಇಳಿಸಿ ದೂರ ಇಡುವುದನ್ನು ಎಲ್ಲ ಶಾಖೆಗಳೂ ಕಡ್ಡಾಯವಾಗಿ ಪಾಲಿಸಬೇಕೆಂದು ಕೋರುತ್ತೇವೆ.

ನಮ್ಮ ನಾಡಿನ ಪ್ರಯೋಗಗಳು

ರುಕ್ಮಿಣೀ ದೇವಿ ಅರುಂಡೇಲ್ ಮೊದಲು ಬ್ಯಾಲೆ ಕಲಿತವರು. ಹೆಸರಾಂತ ರಷ್ಯನ್ ನರ್ತಕಿ ಅನ್ನಾ ಪಾವ್ಲೊವಾ ಅವರ ಪರಿಚಯದಿಂದ ಆ ಆಸಕ್ತಿ ಹುಟ್ಟಿತ್ತು. ಭಾರತದ ನೃತ್ಯದ ಕಡೆ ತಿರುಗುವಂತೆ ಅವರಿಗೆ ಹೇಳಿದವರೂ ಪಾವ್ಲೊವಾ ಅವರೇ. 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರ ಆರಂಭವಾಯಿತು. ಮದಾಂ ಕಾಜಾನ್ ಎಂಬ ಇಟಲಿಯ ದರ್ಜಿಯ ನೆರವಿನಿಂದ, ಸೀರೆಯನ್ನೇ ಕತ್ತರಿಸಿ ಹೊಲಿದ ನೃತ್ಯದ ಉಡುಪು ರೂಪುಗೊಂಡಿತು. ಇಂದು ನಮ್ಮ ಮಕ್ಕಳು ಭರತನಾಟ್ಯಕ್ಕೆ ತೊಡುವ ಬೀಸಣಿಗೆಯಂಥ ನೆರಿಗೆಯ ಉಡುಪು ಈ ಬಗೆಯದೇ. ಅಡವು ಹಾಕುವಾಗ ಕಾಲು ಬಿಡಿಸಿ ಕುಳಿತರೆ ನೆರಿಗೆ ಅರಳುತ್ತದೆ, ಎದ್ದರೆ ಮಡಚಿಕೊಳ್ಳುತ್ತದೆ. ಕಲಾಕ್ಷೇತ್ರದಲ್ಲಿ 1937ರಿಂದ ನೇಯ್ಗೆಯ ವಿಭಾಗವೂ ಇದ್ದುದರಿಂದ ರಂಗದ ಬಟ್ಟೆಯ ಜೊತೆಗೆ ನೇಕಾರರಿಗೆ ಕೆಲಸವೂ ಸಿಕ್ಕಿತು.

ಕನ್ನಡಿಗರಲ್ಲಿ ಈ ದಿಕ್ಕಿನಲ್ಲಿ ಹೆಚ್ಚು ಯೋಚಿಸಿದವರು ಶಿವರಾಮ ಕಾರಂತರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗೆ ಇಳಿಸಿ, ಮಾತು ತೆಗೆದು, ಚೆಂಡೆ ಮದ್ದಳೆಗಳ ಜೊತೆಗೆ ಪಿಟೀಲು ಮತ್ತು ಸ್ಯಾಕ್ಸೊಫೋನ್ ಸೇರಿಸಿ ಅವರು ‘ಯಕ್ಷಗಾನ ಬ್ಯಾಲೆ’ ಮಾಡಿದರು. ಮಾತು ತೆಗೆದದ್ದನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೂ ಯಕ್ಷಗಾನದ ವೇಷವನ್ನು ಬ್ಯಾಲೆಗಾಗಿ ಅವರು ಬಿಟ್ಟುಕೊಡಲಿಲ್ಲ. ಹಗುರ ಮರದ ಆಭರಣ, ಸುತ್ತಿ ಕಟ್ಟುವ ಮುಂಡಾಸು, ಕಸೆ ಸೀರೆ ಇವೆಲ್ಲ ಆ ಕುಣಿತಕ್ಕೆಂದೇ ತಲೆಮಾರುಗಳಿಂದ ಹದಗೊಂಡವು. ಪಾರ್ತಿಸುಬ್ಬನ ಕುಂಬಳೆ ಇರುವ ಕಾಸರಗೋಡಿನ ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನ ಮಾಯಾ ರಾವ್ ಅವರ ದಾರಿ ಇನ್ನೊಂದು. ಕಥಕ್ ಕಲಿತು, 1960ರ ದಶಕದಲ್ಲಿ ಮಾಸ್ಕೋದಲ್ಲಿ ಬ್ಯಾಲೆ ನೃತ್ಯ ಸಂಯೋಜನೆಯನ್ನು ಅಭ್ಯಾಸ ಮಾಡಿ ಬಂದ ಅವರು, 1987ರಲ್ಲಿ ತಮ್ಮ ಶಿಕ್ಷಣ ಸಂಸ್ಥೆಯನ್ನು ದೆಹಲಿಯಿಂದ ಬೆಂಗಳೂರಿಗೆ ತಂದರು. ರಷ್ಯಾದಿಂದ ಅವರು ತಂದದ್ದು ಗುಂಪನ್ನು ರಂಗದಲ್ಲಿ ನಿಲ್ಲಿಸುವ, ಚಲಿಸುವ ಶಾಸ್ತ್ರ. ಅದನ್ನು ನಮ್ಮ ಕಥೆಗಳಿಗೆ ಅಳವಡಿಸಿದರು.

ನೀಲಗಿರಿಯಲ್ಲಿ ನಮ್ಮ ಕೈಗೆ ಸಿಗುವುದು

ಕೋತಗಿರಿ ಎಂಬ ಹೆಸರಲ್ಲೇ ಕೋತರು ಇದ್ದಾರೆ. ಊದುವ ‘ಕೊಳ್’, ಬಾಗಿದ ಕೊಂಬು ‘ಕೊಬ್’, ‘ತಬಟ್ಕ್’ ಎಂಬ ತಮಟೆ ಅವರ ವಾದ್ಯಗಳು. ಹಿಂದೆ ಬಡಗರ ಊರುಗಳಲ್ಲಿ ಸಾವಿನ ಕಾರ್ಯಕ್ಕೆ ಕೋತರೇ ಬಾರಿಸುತ್ತಿದ್ದರು. 20ನೇ ಶತಮಾನದಲ್ಲಿ ಆ ಸಂಬಂಧ ಕ್ರಮೇಣ ಸಡಿಲವಾಯಿತು. ಬಡಗರ ವೃತ್ತಾಕಾರದ ಕುಣಿತಕ್ಕೆ ಬಿಳಿ ಬಟ್ಟೆಯೇ ಶೋಭೆ. ಬೇರಗಣಿಯ ಹೆತ್ತೆ ಹಬ್ಬಕ್ಕೆ ಜನ ಬಿಳಿ ಉಟ್ಟು ಸೇರುವುದನ್ನು ಕಂಡವರಿಗೆ, ಒಂದೇ ಬಣ್ಣದ ಸಾದಾ ಬಟ್ಟೆ ಎಷ್ಟು ದೂರಕ್ಕೆ ಎದ್ದು ಕಾಣುತ್ತದೆಂದು ಗೊತ್ತು.

ತೋಡರ ಕಸೂತಿಯೂ ಇಲ್ಲಿಯದೇ. ದಪ್ಪ ಬಿಳಿ ಹತ್ತಿಬಟ್ಟೆಯ ಎಳೆಗಳನ್ನು ಎಣಿಸುತ್ತಾ, ನಕ್ಷೆಯನ್ನು ಮೊದಲೇ ಬರೆದುಕೊಳ್ಳದೆ, ಕೆಂಪು ಮತ್ತು ಕಪ್ಪು ದಾರದಲ್ಲಿ ಹೆಂಗಸರು ಹಾಕುವ ಈ ಕೆಲಸಕ್ಕೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕೈಕೆಲಸದ ಲೆಕ್ಕದಲ್ಲಿ ಇದು ಪ್ಯಾರಿಸಿನ ಯಾವ ಹೊಲಿಗೆಮನೆಗೂ ಕಡಿಮೆಯಲ್ಲ. ಆದರೆ ಎರಡು ಮಾತು. ಒಂದು, ತೋಡರ ‘ಪೂತ್ಕುಳಿ’ ಶಾಲು ಹಬ್ಬಕ್ಕೆ ಹೊದೆಯುವ, ಸಾವಿನಲ್ಲಿ ಹೊದಿಸುವ ವಸ್ತ್ರ. ಅದನ್ನು ಹಾಸ್ಯದ ದೃಶ್ಯಕ್ಕೋ ‘ಕಾಡುಜನ’ರ ವೇಷಕ್ಕೋ ಬಳಸಕೂಡದು. ಹೆತ್ತೆ ಹಬ್ಬದ ಬಿಳಿ ಉಡುಗೆಗೂ ಇದೇ ಮಾತು. ಎರಡು, ಯಂತ್ರದಲ್ಲಿ ಅಚ್ಚು ಹಾಕಿದ ನಕಲನ್ನು ಕೊಂಡರೆ ಆ ಹೆಂಗಸರಿಗೆ ಒಂದು ಪೈಸೆಯೂ ತಲುಪದು. ಕೊಳ್ಳುವುದಾದರೆ ಅಸಲನ್ನೇ ಕೊಂಡು, ಯಾರ ಕೆಲಸವೆಂದು ವೇದಿಕೆಯಲ್ಲಿ ಹೇಳಿ. ಅಷ್ಟು ಹಣವಿಲ್ಲದಿದ್ದರೆ ಸಾದಾ ಕೈಮಗ್ಗದ ಬಟ್ಟೆ ಸಾಕು.

ಸಂಗೀತದ ಹಕ್ಕು

ಭಾರತದಲ್ಲಿ ಸಂಗೀತ ಕೃತಿಯ ಹಕ್ಕು ರಚನಕಾರ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಚೈಕೋವ್‌ಸ್ಕಿ 1893ರಲ್ಲಿ ತೀರಿಕೊಂಡರು, ಆದ್ದರಿಂದ ತೊಡಕಿಲ್ಲ. ಸ್ಟ್ರಾವಿನ್‌ಸ್ಕಿ ತೀರಿಕೊಂಡದ್ದು 1971ರಲ್ಲಿ. ಅವರ ಕೃತಿಗಳಿಗೆ 2031ರ ಕೊನೆಯವರೆಗೆ ಹಕ್ಕಿದೆ. ಹವ್ಯಾಸಿ ಸಂಘಗಳು ಟಿಕೆಟ್ ಇಲ್ಲದೆ ನಡೆಸುವ ಪ್ರದರ್ಶನಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ಧ್ವನಿಮುದ್ರಿಕೆಗೆ ಬೇರೆಯೇ ಹಕ್ಕಿದ್ದು, ಅದು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಹಾಗಾಗಿ ಟಿಕೆಟ್ ಇಟ್ಟಾಗ ಅಥವಾ ವಿಡಿಯೋವನ್ನು ಅಂತರ್ಜಾಲಕ್ಕೆ ಹಾಕುವಾಗ, ಸಂಗೀತ ಹಳೆಯದಾದರೂ ಮುದ್ರಿಕೆ ಹೊಸದಾಗಿದ್ದರೆ ಅನುಮತಿ ಬೇಕಾಗುತ್ತದೆ.

ಪಾಲಿಸಬೇಕಾದ ಕ್ರಮ

1. ಮೊದಲು ಸಂಗೀತ ಗೊತ್ತುಮಾಡಿ. ಅದರ ವೇಗ ನೋಡಿ ಬಟ್ಟೆ ಆರಿಸಿ. ನೆಲಕ್ಕೆ ಬಡಿಯುವ ಕುಣಿತಕ್ಕೆ ದಪ್ಪ ಬಟ್ಟೆ, ತಿರುಗುವ ಕುಣಿತಕ್ಕೆ ಹಗುರ ಬಟ್ಟೆ.

2. ಕಿವಿ ಮುಚ್ಚುವ ಆಭರಣ, ಕಣ್ಣಿಗೆ ಇಳಿಯುವ ಶಿರೋಭೂಷಣ ಬೇಡ.

3. ಪೂರ್ತಿ ಉಡುಪಿನಲ್ಲಿ ಕನಿಷ್ಠ ಎರಡು ತಾಲೀಮು ಆಗಲಿ. ಉಡುಪು ಕಾರ್ಯಕ್ರಮದ ದಿನವೇ ಕೈಸೇರುವಂತಿದ್ದರೆ ಆ ಯೋಜನೆ ಬಿಡಿ.

4. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಕೋತಗಿರಿ ಭಾಗದಲ್ಲಿ ಹಿಂಗಾರು ಮಳೆ, ಮಂಜು. ಬಟ್ಟೆ ಬೇಗ ಒಣಗದು. ಒಳಗೆ ಬೆಚ್ಚನೆಯ ಉಡುಪು ಹಾಕಿಕೊಳ್ಳಲು ಜಾಗ ಬಿಟ್ಟು ಅಳತೆ ತೆಗೆಸಿ. ಒದ್ದೆ ವೇದಿಕೆಯ ಮೇಲೆ ಕುಣಿಸಬೇಡಿ.

5. ಉಡುಪಿನ ಖರ್ಚನ್ನು ಪೋಷಕರ ಮೇಲೆ ಹೊರಿಸಬೇಡಿ. ಚಹಾ ಎಲೆಯ ದರ ಬಿದ್ದ ವರ್ಷ ಅದನ್ನು ಭರಿಸಲಾಗದೆ ಮಗುವನ್ನು ಹಿಂದಕ್ಕೆ ಕರೆದುಕೊಳ್ಳುವ ಮನೆಗಳಿರುತ್ತವೆ. ಅವರು ಕಾರಣ ಹೇಳುವುದಿಲ್ಲ, ಮಗು ಬರುವುದು ನಿಲ್ಲುತ್ತದೆ, ಅಷ್ಟೆ.

6. ಎಲ್ಲ ಖರ್ಚಿಗೂ ರಸೀದಿ ಇರಲಿ. ಹೊಲಿಸಿದ ಉಡುಪು ಸಂಘದ ಆಸ್ತಿಯಾಗಿ ದಾಸ್ತಾನು ಪುಸ್ತಕದಲ್ಲಿ ದಾಖಲಾಗಲಿ. ಮುಂದಿನ ವರ್ಷ ಬೇರೆ ಊರಿನ ಶಾಖೆಗೆ ಎರವಲು ಕೊಡಬಹುದು.

ಕೀಳ್ ಕೋತಗಿರಿಯವರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಚೈಕೋವ್‌ಸ್ಕಿ ಸಂಗೀತಕ್ಕೆ ನಮ್ಮ ಒಪ್ಪಿಗೆ ಇದೆ. ದೂರದ ವಿನ್ಯಾಸಕರ ಬದಲು ಊರಿನ ದರ್ಜಿಯಿಂದ, ಕೈಮಗ್ಗದ ಬಿಳಿ ಹತ್ತಿಬಟ್ಟೆಯಲ್ಲಿ, ಹಬ್ಬದ ಉಡುಗೆಯ ಅನುಕರಣೆಯಾಗದಂತೆ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಉಡುಪು ಹೊಲಿಸಿ. ಅದಕ್ಕೆ ಸಂಘದ ಹಣ ಬಳಸಬಹುದು. ಉಳಿತಾಯವಾದ ಹಣದಲ್ಲಿ ಅದೇ ಸಂಜೆ ಸ್ಥಳೀಯ ವಾದ್ಯಗಾರರನ್ನು ಸಂಭಾವನೆ ಕೊಟ್ಟು ಕರೆಸಿ. ಮಕ್ಕಳು ಎರಡೂ ಸಂಗೀತವನ್ನು ಕೇಳಲಿ.

ಬೇರೆ ಊರುಗಳ ಸದಸ್ಯರು ತಮ್ಮಲ್ಲಿ ದಾಸ್ತಾನಿರುವ ಉಡುಪುಗಳ ಪಟ್ಟಿ ಕಳುಹಿಸಿದರೆ, ಎಲ್ಲರಿಗೂ ಅನುಕೂಲವಾಗುವಂತೆ ಮುಂದಿನ ವಾರ್ತಾಪತ್ರದಲ್ಲಿ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ