ಹೂಡಿಕೆಯಲ್ಲಿಯೂ ಅಹಿಂಸೆ

ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದ ಹಿಂಸೆಯು ಜೀವಕ್ಕೆ ಅಂಟುತ್ತದೆಂದು ಜೈನಾಚಾರ್ಯರು ಬೋಧಿಸಿದ್ದಾರೆ. ತಾನೇ ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಈ ಮೂರೂ ಕರ್ಮಬಂಧಕ್ಕೆ ಕಾರಣ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ನ್ಯಾಯದಿಂದ ಧನವನ್ನು ಗಳಿಸುವುದೇ ಗೃಹಸ್ಥನ ಲಕ್ಷಣಗಳಲ್ಲಿ ಮೊದಲನೆಯದೆಂದರು. ಕಾಡು ಕಡಿಯುವುದು, ಇದ್ದಿಲು ಸುಡುವುದು ಮೊದಲಾದ 15 ಖರಕರ್ಮಗಳನ್ನು ಪ್ರಸ್ತಾಪಿಸಿ, ಲೋಕದಲ್ಲಿ ಪಾಪಕರ ವೃತ್ತಿಗಳಿಗೆ ಲೆಕ್ಕವಿಲ್ಲವೆಂದೂ ಸೂಚಿಸಿದರು.

ಅವರ ಕಾಲದಲ್ಲಿ ಇಲ್ಲದಿದ್ದ ಕಂಪನಿಯ ಷೇರು ಇಂದು ಶ್ರಾವಕರ ಮನೆಯಲ್ಲಿದೆ. ಒಡೆತನ ನಮ್ಮದು, ಕೃತ್ಯ ಇನ್ನೊಬ್ಬರದು. ಈ ಹೊಣೆಯನ್ನು ಅನ್ಯಧರ್ಮೀಯರು ನಿರ್ವಹಿಸಿದ ಒಂದು ಪ್ರಸಂಗವು ವಿಚಾರಾರ್ಹವಾಗಿದೆ.

1998ರಲ್ಲಿ ಕೆನಡಾದ ಟ್ಯಾಲಿಸ್ಮನ್ ಎನರ್ಜಿ ಕಂಪನಿಯು ಸುಡಾನಿನ ಗ್ರೇಟರ್ ನೈಲ್ ತೈಲ ಯೋಜನೆಯಲ್ಲಿ ಶೇಕಡ 25ರ ಪಾಲನ್ನು ಪಡೆಯಿತು. ಆಗ ಅಲ್ಲಿ ಅಂತರ್ಯುದ್ಧ ನಡೆದಿತ್ತು. ತೈಲಪ್ರದೇಶದ ಜನರು ಊರು ತೊರೆದು ಓಡಬೇಕಾಯಿತು. ತೈಲೋದ್ಯಮವು ಯುದ್ಧವನ್ನು ಉಲ್ಬಣಗೊಳಿಸುತ್ತಿದೆಯೆಂದೂ ಹೆಗ್ಲಿಗ್ ತೈಲಕ್ಷೇತ್ರದ ವಿಮಾನಪಟ್ಟಿಯನ್ನು ಸೇನೆಯು ಬಳಸಿತ್ತೆಂದೂ ಕೆನಡಾ ಸರ್ಕಾರವು ಕಳುಹಿಸಿದ್ದ ಜಾನ್ ಹಾರ್ಕರ್ ಅವರ ನಿಯೋಗವು 2000ದಲ್ಲಿ ವರದಿ ಮಾಡಿತು. ಅದೇ ವರ್ಷ ಚರ್ಚುಗಳು ಷೇರುದಾರರಾಗಿ, ಮಾನವ ಹಕ್ಕುಗಳ ಪಾಲನೆಯ ಬಗ್ಗೆ ಸ್ವತಂತ್ರ ವರದಿ ಬೇಕೆಂಬ ನಿರ್ಣಯವನ್ನು ವಾರ್ಷಿಕ ಸಭೆಯ ಮುಂದಿಟ್ಟವು. ಅದು ಅಂಗೀಕಾರವಾಗಲಿಲ್ಲ; ಒತ್ತಡ ಮಾತ್ರ ನಿಲ್ಲಲಿಲ್ಲ. ಅಮೆರಿಕದ ಕೆಲವು ಪಿಂಚಣಿ ನಿಧಿಗಳು ಷೇರುಗಳನ್ನು ಮಾರಿದವು. 2003ರ ಮಾರ್ಚ್‌ನಲ್ಲಿ ಟ್ಯಾಲಿಸ್ಮನ್ ಸುಡಾನನ್ನು ಬಿಟ್ಟಿತು. ಕಂಪನಿಯ ಮೇಲೆ ನ್ಯೂಯಾರ್ಕಿನಲ್ಲಿ ಹೂಡಿದ್ದ ದಾವೆಯು 2006ರಲ್ಲಿ ವಜಾ ಆಯಿತು. ನ್ಯಾಯಾಲಯದ ಸಾಕ್ಷ್ಯ ಬೇರೆ, ಒಡೆಯನ ಅಂತಃಸಾಕ್ಷಿ ಬೇರೆ.

ಆ ಪಾಲನ್ನು ಕೊಂಡದ್ದು ಭಾರತದ ಸಾರ್ವಜನಿಕ ಸಂಸ್ಥೆಯಾದ ಒಎನ್‌ಜಿಸಿ ವಿದೇಶ್. ಮಾತೃಸಂಸ್ಥೆ ಒಎನ್‌ಜಿಸಿಯ ಷೇರುಗಳಲ್ಲಿ ಶೇಕಡ 10ನ್ನು ಕೇಂದ್ರ ಸರ್ಕಾರವು 2004ರ ಮಾರ್ಚ್‌ನಲ್ಲಿ ಸಾರ್ವಜನಿಕರಿಗೆ ಮಾರಿತು. ಕೆನಡಾದ ಭಕ್ತರು ಕೇಳಿದ ಪ್ರಶ್ನೆಯು ಹೀಗೆ ಭಾರತೀಯ ಗೃಹಸ್ಥರ ಬಾಗಿಲಿಗೂ ಬಂದಿತು. ಕೇಳುವ ದನಿಗಳು ಮಾತ್ರ ವಿರಳವಾದವು. ಒಬ್ಬನು ಕೈತೊಳೆದುಕೊಂಡರೆ ಹಿಂಸೆಯು ನಿಲ್ಲುವುದಿಲ್ಲ, ಅದರ ಒಡೆಯನು ಬದಲಾಗುತ್ತಾನೆ. ಆದುದರಿಂದ ಮಾರಿ ಹೊರಬರುವ ಮುನ್ನ, ಒಡೆಯನಾಗಿರುವಾಗಲೇ ಪ್ರಶ್ನಿಸುವುದು ಮೊದಲ ಕರ್ತವ್ಯ.

ರಾಯಚೂರು ನಗರ, ದೇವದುರ್ಗ, ಮಾನ್ವಿಗಳ ಜೈನ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಕೃಷ್ಣಾತೀರದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕವು ಆರಂಭವಾಯಿತು. ಮುಂದೆ ಎಂಟು ಘಟಕಗಳ ಸಾಮರ್ಥ್ಯ 1720 ಮೆಗಾವಾಟ್‌ಗೆ ಏರಿತು. ಅದನ್ನು ನಡೆಸುವ ಕರ್ನಾಟಕ ವಿದ್ಯುತ್ ನಿಗಮವು ರಾಜ್ಯ ಸರ್ಕಾರದ ಸ್ವತ್ತಾದುದರಿಂದ ಅಲ್ಲಿ ಜನಸಾಮಾನ್ಯರಿಗೆ ಷೇರುದಾರರ ಸಭೆಯಿಲ್ಲ. ಆದರೂ ಭೂಮಿಯನ್ನು ಕೊಟ್ಟವರಿಗೆ ನ್ಯಾಯ ದೊರಕಿತೇ, ಗುತ್ತಿಗೆ ಕಾರ್ಮಿಕನಿಗೆ ಪೂರ್ಣ ಕೂಲಿ ಸಲ್ಲುತ್ತಿದೆಯೇ, ಹಾರುಬೂದಿಯು ಯಾರ ಉಸಿರನ್ನು ಸೇರುತ್ತಿದೆ ಎಂದು ಕೇಳುವ ಅಧಿಕಾರವು ಆ ಬೆಳಕನ್ನು ಬಳಸುವ ಪ್ರಜೆಗಳಿಗುಂಟು.

ಬಸದಿಯ ನಿಧಿಯು ದೇವದ್ರವ್ಯ. ಅದನ್ನು ಹೂಡುವ ವಿಶ್ವಸ್ತರು ಬಡ್ಡಿಯ ದರದೊಂದಿಗೆ, ಆ ಧನವು ಯಾರಿಂದ ಏನನ್ನು ಮಾಡಿಸುತ್ತಿದೆಯೆಂಬುದನ್ನೂ ವಿಚಾರಿಸಬೇಕು. ಕಾರಿತ ದೋಷದಿಂದ ಪಾರಾಗುವ ಮಾರ್ಗವು ಆ ವಿಚಾರಣೆಯಿಂದಲೇ ತೊಡಗುತ್ತದೆ.