ಕುರ್ಲಾದ ಖೋಲಿಯೂ ವೃದ್ಧರ ಉಪಕರಣಗಳೂ

ವಯಸ್ಸಾದವರು ಪರರ ಕೈ ಕಾಯದೆ ತಮ್ಮ ಮನೆಯಲ್ಲಿಯೇ ಬಾಳಲು ನೆರವಾಗುವ ಉಪಕರಣಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪಶ್ಚಿಮದ ಪ್ರಯೋಗಶಾಲೆಗಳಿಂದ ತೊಡಗುತ್ತಾರೆ. ನಾವು ಕುರ್ಲಾದಿಂದ ತೊಡಗುತ್ತೇವೆ. ಉಪಕರಣ ಎಲ್ಲಿ ಹುಟ್ಟಿತು ಎಂಬುದಕ್ಕಿಂತ ಅದನ್ನು ಯಾರ ಮನೆಯಲ್ಲಿ ಒರೆಗೆ ಹಚ್ಚಿದರು ಎಂಬುದೇ ಈ ಚರಿತ್ರೆಯಲ್ಲಿ ಮುಖ್ಯವೆಂದು ನಮಗೆ ತೋರುತ್ತದೆ.

ಕುರ್ಲಾ ದುಡಿಯುವವರ ಊರು. 1886ರಲ್ಲಿ ಜಮ್‌ಶೆಟ್‌ಜಿ ಟಾಟಾ ಇಲ್ಲಿನ ಧರಮ್ಸಿ ಮಿಲ್ಲನ್ನು ಕೊಂಡು ಅದನ್ನು ಸ್ವದೇಶಿ ಮಿಲ್ಲಾಗಿ ನಡೆಸಿದರು. ಮುಂದೆ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಇಲ್ಲಿ ಕಾರು ಕಟ್ಟಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಓಡಿದ ಪದ್ಮಿನಿ ಕಾರುಗಳು ಕುರ್ಲಾದಲ್ಲಿ ಹುಟ್ಟಿದವು. ಮಿಲ್ಲು, ಕಾರ್ಖಾನೆ, ರೈಲ್ವೆ ಶೆಡ್ಡುಗಳ ಸುತ್ತ ಹೋಟೆಲುಗಳು ಎದ್ದವು; ಹೋಟೆಲುಗಳ ಹಿಂದೆಯೇ ಕರಾವಳಿಯ ಹುಡುಗರು ಬಂದರು. 1927ರಲ್ಲಿ ಸ್ಥಾಪನೆಯಾದ ಮುಂಬಯಿಯ ಬಂಟರ ಸಂಘದ ನೆಲೆ ಇಂದು ಕುರ್ಲಾ ಪೂರ್ವದಲ್ಲಿದೆ. ಹಗಲೆಲ್ಲ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ಹುಡುಗರ ಕಥೆಯನ್ನು ನಮ್ಮವರು ಬೇಕಾದಷ್ಟು ಬರೆದಿದ್ದಾರೆ. ಆ ಹುಡುಗರಿಗೆ ಈಗ ಎಪ್ಪತ್ತೈದು, ಎಂಬತ್ತರ ಪ್ರಾಯ. ಈ ಭಾಗದ ಕಥೆಯನ್ನು ಬರೆದವರು ಕಡಿಮೆ.

ಅವರು ಬಾಳಿದ ಚಾಳಿನಲ್ಲಿ ಉಪಕರಣವೆಂಬುದೇನೂ ಇರಲಿಲ್ಲ, ತೆರೆದ ಬಾಗಿಲುಗಳಿದ್ದವು. ಬೆಳಗ್ಗೆ ನಲ್ಲಿಯ ಸರತಿಯಲ್ಲಿ ಒಬ್ಬ ಅಜ್ಜಿ ಕಾಣದಿದ್ದರೆ ಪಕ್ಕದ ಖೋಲಿಯವರು ಇಣುಕಿ ನೋಡುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಉದ್ದನೆಯ ಆ ಪಡಸಾಲೆಯೇ ಎಚ್ಚರಿಕೆಯ ಯಂತ್ರ. ಇದನ್ನು ಹಾಡಿ ಹೊಗಳುವ ಮನಸ್ಸು ನಮಗಿಲ್ಲ. ಅದೇ ಪಡಸಾಲೆಯ ತುದಿಯಲ್ಲಿದ್ದ ಸಾರ್ವಜನಿಕ ಪಾಯಖಾನೆ ಎಷ್ಟು ಮೊಣಕಾಲುಗಳನ್ನು ಅಳಿಸಿದೆ ಎಂಬುದನ್ನು ಬಲ್ಲವರು ಬಲ್ಲರು. ಆದರೆ 1995ರಲ್ಲಿ ಕೊಳೆಗೇರಿ ಪುನರ್ವಸತಿ ಯೋಜನೆ ಬಂದು, ಚಾಳುಗಳೂ ಝೋಪಡಿಗಳೂ ಬಹುಮಹಡಿಗಳಾಗತೊಡಗಿದಾಗ ಒಂದು ವಿನಿಮಯ ನಡೆಯಿತು. ಪಾಯಖಾನೆ ಮನೆಯೊಳಗೆ ಬಂತು, ಬಾಗಿಲು ಮುಚ್ಚಿಕೊಂಡಿತು. ಮುಚ್ಚಿದ ಬಾಗಿಲಿನ ಹಿಂದೆ ಬಿದ್ದವರ ಸದ್ದು ಹೊರಗೆ ಕೇಳಿಸದು. ವೃದ್ಧರಿಗೆ ಉಪಕರಣದ ಅಗತ್ಯ ಹುಟ್ಟಿದ್ದು ಇಲ್ಲಿ.

ಮುಚ್ಚಿದ ಬಾಗಿಲಿನ ಈ ಸಮಸ್ಯೆಯನ್ನು ಪಶ್ಚಿಮದ ನಗರಗಳು ಮೊದಲೇ ಎದುರಿಸಿದ್ದವು. 1970ರ ದಶಕದಲ್ಲಿ ಜರ್ಮನಿಯಲ್ಲಿಯೂ ಅಮೆರಿಕೆಯಲ್ಲಿಯೂ ಕೊರಳಿಗೆ ತೂಗಿಸಿಕೊಳ್ಳುವ ಗುಂಡಿ ಬಂತು. ಒತ್ತಿದರೆ ದೂರವಾಣಿಯ ಮೂಲಕ ನೆರವಿನ ಕೇಂದ್ರಕ್ಕೆ ಕರೆ ಹೋಗುತ್ತಿತ್ತು. ಬಿದ್ದವರಿಗೆ ಪ್ರಜ್ಞೆ ತಪ್ಪಿದರೆ ಗುಂಡಿ ಒತ್ತುವವರಾರು? ಒತ್ತದೆಯೂ ತಿಳಿಯುವ ಬಗೆಯನ್ನು ಜಪಾನಿನ ಝೋಜಿರುಶಿ ಕಂಪೆನಿ 2001ರಲ್ಲಿ ಮಾರುಕಟ್ಟೆಗೆ ತಂದಿತು. ಅದು ಬಿಸಿನೀರಿನ ಒಂದು ಪಾತ್ರೆ. ಅಜ್ಜಿ ಚಹಾಕ್ಕೆಂದು ನೀರು ಬಗ್ಗಿಸಿದಾಗೆಲ್ಲ ಅದು ಗುರುತಿಟ್ಟುಕೊಂಡು, ದೂರದಲ್ಲಿರುವ ಮಗನಿಗೋ ಮಗಳಿಗೋ ದಿನಕ್ಕೆರಡು ಬಾರಿ ಸುದ್ದಿ ಕಳುಹಿಸುತ್ತಿತ್ತು. ನಲ್ಲಿಯ ಸರತಿಯಲ್ಲಿ ಇಣುಕುತ್ತಿದ್ದ ನೆರೆಯವರನ್ನು ಯಂತ್ರದೊಳಗೆ ಕೂರಿಸಿದ ಹಾಗೆ. ನಮಗೆ ಗೊತ್ತಿರುವ ಇಂಥ ಉಪಕರಣಗಳಲ್ಲಿ ಇದರಷ್ಟು ಮರ್ಯಾದಸ್ಥ ಉಪಕರಣ ಇನ್ನೊಂದಿಲ್ಲ. ವೃದ್ಧರು ಹೊಸದೇನನ್ನೂ ಕಲಿಯಬೇಕಾಗಿಲ್ಲ, ಚಹಾ ಕುಡಿದರೆ ಸಾಕು.

ಪರೀಕ್ಷೆಗೆಂದೇ ಮನೆ ಕಟ್ಟಿದವರೂ ಇದ್ದಾರೆ. ಅಟ್ಲಾಂಟಾದ ಜಾರ್ಜಿಯಾ ಟೆಕ್ ಸಂಸ್ಥೆಯವರು ಕಳೆದ ಶತಮಾನದ ಕೊನೆಗೆ ಕಟ್ಟಿದ ‘ಅವೇರ್ ಹೋಮ್’ ಮೂರು ಅಂತಸ್ತಿನದು, 5,040 ಚದರಡಿಯದು. ಕುರ್ಲಾದ ಪುನರ್ವಸತಿ ಕಟ್ಟಡದಲ್ಲಿ ಒಂದು ಸಂಸಾರಕ್ಕೆ ಮೊದಲು ದೊರೆತದ್ದು 225 ಚದರಡಿ. ಒಂದರೊಳಗೆ ಇಪ್ಪತ್ತೆರಡು ಹಿಡಿಯುತ್ತವೆ. ಆ ಮನೆಯಲ್ಲಿ ಗೋಡೆಗೊಂದು ಸೆನ್ಸರ್ ಇಟ್ಟು, ಯಾರು ಯಾವ ಕೋಣೆಯಿಂದ ಯಾವ ಕೋಣೆಗೆ ಹೋದರೆಂದು ತಿಳಿಯಬಹುದು. ಒಂದೇ ಖೋಲಿಯಲ್ಲಿ ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು ಮಲಗುವಲ್ಲಿ ಯಾರ ಹೆಜ್ಜೆಯೆಂದು ಆ ಸೆನ್ಸರ್ ಹೇಳೀತು? ಆ ಸಂಸ್ಥೆಯವರಿಗೆ ಅನ್ಯಾಯ ಮಾಡಬಾರದು. ಪ್ರಯೋಗದ ಮನೆ ಸಾಲದೆಂದು ಅವರೇ ಅರಿತು, ಒಬ್ಬ ತಾಯಿಯ ನಿಜವಾದ ಮನೆಯಲ್ಲಿ ಉಪಕರಣವಿಟ್ಟು ಒಂದು ವರ್ಷ ನೋಡಿದರು. 2005ರಲ್ಲಿ ಅದರ ವರದಿ ಬಂತು. ತಾಯಿಯ ಓಡಾಟದ ಸುಳಿವು ಮಗನ ಮನೆಯಲ್ಲಿದ್ದ ಆಕೆಯ ಭಾವಚಿತ್ರದ ಚೌಕಟ್ಟಿನ ಮೇಲೆ ಮೂಡುತ್ತಿತ್ತು. ಒಂದು ಮನೆ, ಒಂದು ವರ್ಷ. ನಮಗೆ ಈ ತಾಳ್ಮೆ ಮೆಚ್ಚಿಗೆಯಾಗುತ್ತದೆ.

ಉಪಕರಣ ಗೆದ್ದಿತೋ ಸೋತಿತೋ ಎಂದು ನೋಡುವುದಕ್ಕೆ ಮೊದಲು ಸ್ವಾವಲಂಬನೆಯೆಂದರೇನೆಂದು ಹೇಳಬೇಕಷ್ಟೆ. ಅದನ್ನು ಅಳೆಯಲು ಪೊವೆಲ್ ಲಾಟನ್ ಮತ್ತು ಇಲೇನ್ ಬ್ರೋಡಿ ಎಂಬವರು 1969ರಲ್ಲಿ ರಚಿಸಿದ ಪಟ್ಟಿ ಈಗಲೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಫೋನು ಮಾಡುವುದು, ಪೇಟೆಗೆ ಹೋಗುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧ, ಹಣಕಾಸು ಎಂದು ಎಂಟು ಬಾಬುಗಳು. ಆ ಮೂಲ ಪಟ್ಟಿಯಲ್ಲಿ ಹೆಂಗಸರಿಗೆ ಎಂಟಕ್ಕೂ ಅಂಕ. ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಬಿಟ್ಟು ಐದಕ್ಕೆ ಮಾತ್ರ. ಹನ್ನೆರಡನೆಯ ವಯಸ್ಸಿಗೆ ಒಲೆಯ ಮುಂದೆ ನಿಂತು, ಐವತ್ತು ವರ್ಷ ಈ ನಗರಕ್ಕೆ ಇಡ್ಲಿ ಬೇಯಿಸಿ ಹಾಕಿದ ನಮ್ಮ ಹೋಟೆಲಿನ ಭಟ್ಟರು ಆ ಪಟ್ಟಿಯ ಪ್ರಕಾರ ಅಡುಗೆ ಬಲ್ಲವರೆಂದು ಲೆಕ್ಕಕ್ಕೇ ಬರುವುದಿಲ್ಲ! ಅವರ ಕೈ ನಡುಗಿ ಚಹಾದ ಪಾತ್ರೆ ಇಳಿಸಲಾಗದೆ ಹೋದ ದಿನ ಅವರು ಕಳೆದುಕೊಂಡದ್ದನ್ನು ಆ ಪಟ್ಟಿ ಕಾಣಲಾರದು.

ಬೇರೆ ನೆಲದ ಅಳತೆಯನ್ನು ಸರಿಪಡಿಸಿಕೊಂಡ ನಿದರ್ಶನ ನಮ್ಮಲ್ಲಿಯೇ ಇದೆ. ವೃದ್ಧರದಲ್ಲವಾದರೂ ಇಲ್ಲಿ ಅದನ್ನು ನೆನೆಯಬೇಕು. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ವಿದೇಶಿ ಮಾದರಿಯ ಕೃತಕ ಕಾಲು ಪಡೆದವರು ಅದನ್ನು ಮೂಲೆಗೆ ಸೇರಿಸುತ್ತಿದ್ದರು. ಅದಕ್ಕೆ ಬೂಟು ಬೇಕು. ಅದನ್ನು ತೊಟ್ಟು ಕುಕ್ಕರುಗಾಲಿನಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಕೆಸರುಗದ್ದೆಗೆ ಇಳಿಯಲಾಗದು. ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ. ಕೆ. ಸೇಠಿ ಅವರು 1968ರ ಸುಮಾರಿಗೆ ರೂಪಿಸಿದ ಜೈಪುರ ಕಾಲು ಇದಕ್ಕೆ ಉತ್ತರ. ಕಾಲನ್ನು ಕಳೆದುಕೊಂಡವನು ನೆಲದ ಮೇಲೆ ಹೇಗೆ ಕೂರುತ್ತಾನೆ ಎಂಬುದೇ ಅಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆಯಾಯಿತು.

ಕುರ್ಲಾ ಅಂಥ ಪ್ರಶ್ನೆಪತ್ರಿಕೆ ಬರೆದರೆ ಮೊದಲ ಪ್ರಶ್ನೆ ಮಳೆಯದಾಗಿರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಕುರ್ಲಾದೊಳಗೆ ನುಗ್ಗಿತು. ವಿದ್ಯುತ್ತಿಲ್ಲ, ಫೋನಿಲ್ಲ. ವೃದ್ಧರಿಗೆ ನೆರವು ಅತ್ಯಂತ ಅಗತ್ಯವಾದ ಆ ರಾತ್ರಿ, ವಿದ್ಯುತ್ತನ್ನೂ ಫೋನನ್ನೂ ನಂಬಿದ ಯಾವ ಉಪಕರಣವೂ ಬಾಯಿ ತೆರೆಯುತ್ತಿರಲಿಲ್ಲ. ಎರಡನೆಯ ಪ್ರಶ್ನೆ ಬಚ್ಚಲಿನದು. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ವೃದ್ಧರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣಯಂತ್ರ, ಹಲ್ಲುಸೆಟ್ಟು, ಕನ್ನಡಕಗಳನ್ನು ಉಚಿತವಾಗಿ ಕೊಡುತ್ತದೆ. ಒಳ್ಳೆಯ ಕೆಲಸವೇ. ಆದರೆ ಗಾಲಿಕುರ್ಚಿ ತಿರುಗಲು ಬೇಕಾದ ಜಾಗದಲ್ಲಿ ಖೋಲಿಯ ಅರ್ಧ ಸಂಸಾರವೇ ಇರುತ್ತದೆ; ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿಗೆ ಅದನ್ನು ಹೊತ್ತೊಯ್ದ ಮೇಲೆ ಇಳಿಸುವವರಾರು? ಕೊಟ್ಟವುಗಳ ಲೆಕ್ಕ ಇಡುವುದು ಸುಲಭ. ಆರು ತಿಂಗಳ ಮೇಲೆ ಅದೇ ಮನೆಗೆ ಹೋಗಿ, ವಾಕರ್ ಕೈಯಲ್ಲಿದೆಯೋ ಅದರ ಮೇಲೆ ಬಟ್ಟೆ ಒಣಗುತ್ತಿದೆಯೋ ಎಂದು ನೋಡಿಬರುವುದೇ ನಮ್ಮ ಎಣಿಕೆಯಲ್ಲಿ ಪರೀಕ್ಷೆ.

ಹಾಗೆ ನೋಡಬಲ್ಲ ಸಂಸ್ಥೆಗಳು ಕುರ್ಲಾಕ್ಕೆ ದೂರವೇನಲ್ಲ. ಹಾಜಿ ಅಲಿಯಲ್ಲಿ 1955ರಿಂದ ದೈಹಿಕ ಪುನರ್ವಸತಿಯ ಅಖಿಲ ಭಾರತ ಸಂಸ್ಥೆಯಿದೆ. ಬಾಂದ್ರಾದಲ್ಲಿ 1983ರಿಂದ ಅಲಿ ಯಾವರ್ ಜಂಗ್ ಶ್ರವಣ ಸಂಸ್ಥೆಯಿದೆ. ಪೊವೈಯ ಐಐಟಿಯಲ್ಲಿ ಉಪಕರಣ ರೂಪಿಸುವ ತರುಣರಿದ್ದಾರೆ. ಕುರ್ಲಾದ ಮನೆಗಳ ಬಾಗಿಲು ತೆರೆಸಬಲ್ಲ ಸಂಘಗಳು ನಮ್ಮವರದೇ ಇವೆ. ವಧೂವರರ ಮಾಹಿತಿಯನ್ನು ಅಷ್ಟು ಅಚ್ಚುಕಟ್ಟಾಗಿ ಇಡುವ ಸಂಘಗಳಿಗೆ, ಒಂಟಿಯಾಗಿರುವ ಹಿರಿಯರ ಪಟ್ಟಿಯನ್ನು ಇಡುವುದು ಕಷ್ಟವಾಗಲಾರದು.

ಆ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮನೆಮಾತನ್ನೂ ಬರೆದಿಡಬೇಕು. ಮರೆವಿನ ರೋಗ ಬಂದ ವೃದ್ಧರಲ್ಲಿ ಹಲವರು ನಡುವಯಸ್ಸಿನಲ್ಲಿ ಕಲಿತ ಭಾಷೆಗಳನ್ನು ಕಳೆದುಕೊಂಡು ಮೊದಲಿನ ಭಾಷೆಗೆ ಮರಳುತ್ತಾರೆ. ಐವತ್ತು ವರ್ಷ ಹಿಂದಿ, ಮರಾಠಿಯಲ್ಲಿ ವ್ಯವಹರಿಸಿದ ಅಜ್ಜಿ ನಡುರಾತ್ರಿ ಬಚ್ಚಲಲ್ಲಿ ಬಿದ್ದು ಗುಂಡಿ ಒತ್ತಿದಾಗ ಅವರ ಬಾಯಿಂದ ಬರುವುದು ತುಳುವಾಗಿರಬಹುದು, ಕುಂದಾಪುರದ ಕನ್ನಡವಾಗಿರಬಹುದು. ಆ ಕಡೆ ಕರೆ ತೆಗೆದುಕೊಂಡವರಿಗೆ ಅದು ಅರ್ಥವಾಗುತ್ತದೆಯೇ ಎಂಬುದನ್ನೂ ಬಿದ್ದ ಮೇಲೆ ಅಲ್ಲ, ಬೀಳುವ ಮೊದಲೇ ಪರೀಕ್ಷಿಸಿ ನೋಡಬೇಕಾಗಿದೆ.